ಬ್ರೇಕಿನ ಸ್ಟೀಲ್ ಪೈಪೂ ಸವೆಯುತ್ತದೆ

ಕನ್ನಡಕದಂಗಡಿಯ ಯಜಮಾನನಿಗೆ ಒಂದು ಹುಚ್ಚು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಹಳೆಯ ಸ್ಪೋರ್ಟ್ಸ್ ಕಾರು. ಕಾಲೇಜು ದಿನಗಳಿಂದ ಕಣ್ಣಲ್ಲಿಟ್ಟುಕೊಂಡಿದ್ದ ಆಸೆ ನಡುವಯಸ್ಸಿನಲ್ಲಿ ಹಸಿರು ಬಣ್ಣ ಬಳಿದುಕೊಂಡು ಮನೆ ಮುಂದೆ ಬಂದು ನಿಂತಿತ್ತು. ಅವನ ಜೊತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದಕ್ಕೆ ಕಪ್ಪೆ ಎಂದು ಹೆಸರಿಟ್ಟಿದ್ದರು. "ಒಳಗೆ ಇಳಿಯೋದೇನೋ ಸುಲಭ, ಎಬ್ಬಿಸೋಕೆ ಇಬ್ಬರು ಬೇಕು" ಎಂದು ಗೊಣಗುತ್ತಿದ್ದರು. ಆದರೂ ಹೊರಗೆ ಹೊರಟರೆ ಅವರಿಗೆ ಅಳಿಯನ ಪಕ್ಕದ ಸೀಟೇ ಬೇಕು. ಹೆಂಡತಿಗಿಂತ ಹೆಚ್ಚು ಸಲ ಅಲ್ಲಿ ಕೂತವರು ಅತ್ತೆಯೇ.

ಆ ಕಾರಿನ ಬ್ರೇಕು ಒಂದಷ್ಟು ಕಾಲದಿಂದ ಮೆತ್ತಗಾಗಿತ್ತು. ತುಳಿದರೆ ಹತ್ತಿಯ ಮೂಟೆ ತುಳಿದಂತೆ. ನಮ್ಮಲ್ಲಿ ಎಷ್ಟೋ ಜನರ ಹಾಗೆ ಅವನೂ "ಹಿಡೀತಾ ಇದೆಯಲ್ಲ, ಸಾಕು" ಎಂದು ದಿನ ತಳ್ಳುತ್ತಿದ್ದ.

ಒಂದು ಭಾನುವಾರ ಹೆಂಡತಿಯ ತಂಗಿ ಊಟಕ್ಕೆ ಬಂದಳು. ವಾಹನಗಳ ತಪಾಸಣಾ ಕೇಂದ್ರದಲ್ಲಿ ಅವಳಿಗೆ ಕೆಲಸ. ಭಾವ ಅವಳನ್ನು ಇನ್‌ಸ್ಪೆಕ್ಟರಮ್ಮ ಎಂದೇ ರೇಗಿಸುತ್ತಿದ್ದ. ಭಾವನ ಕಾರನ್ನು ಗೇಟಿನ ಒಳಗೆ ತರಲು ಅವಳೇ ಸ್ಟೀರಿಂಗ್ ಹಿಡಿದಳು. ಇಳಿದವಳು ಊಟಕ್ಕೆ ಕೂರಲಿಲ್ಲ. ನೆಲಕ್ಕೆ ಕೆನ್ನೆ ತಾಗಿಸಿ, ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟಳು.

"ಭಾವ, ಇಲ್ಲಿ ಬನ್ನಿ. ಈ ರಬ್ಬರ್ ಪೈಪ್ ನೋಡಿ."

ಬ್ರೇಕಿನ ಎಣ್ಣೆಯನ್ನು ಚಕ್ರಕ್ಕೆ ಒಯ್ಯುವ ಪೈಪು ಅದು. ಮೈತುಂಬ ಬಿರುಕು. ಮೇಲೆ ಬೆರಳಾಡಿಸಿದರೆ ಕಪ್ಪು ಪುಡಿ ಅಂಟಿತು.

"ಹಳೇ ಪೈಪ್ ಹೀಗೆ ಇರುತ್ತಮ್ಮ" ಎಂದ ಅವನು.

"ನೀವು ತುಳಿದಾಗ ಆ ಒತ್ತಡ ಚಕ್ರಕ್ಕೆ ಹೋಗ್ಬೇಕು. ಪೈಪ್ ಬಲೂನಿನ ಹಾಗೆ ಉಬ್ಬಿದ್ರೆ ಅರ್ಧ ಅಲ್ಲೇ ಕಳೆದುಹೋಗುತ್ತೆ. ಒಂದಿನ ಒಡೆದೂ ಹೋಗುತ್ತೆ. ಬದಲಾಯಿಸಿ. ಈ ಕಾರಿಗೆ ಸ್ಟೀಲ್ ಹೆಣಿಗೆಯ ಪೈಪ್ ಸಿಗುತ್ತೆ, ಒಳ್ಳೇದು. ಉಬ್ಬೋದಿಲ್ಲ."

ಸ್ಟೀಲ್ ಎಂಬ ಮಾತು ಅವನ ಮನಸ್ಸಿಗೆ ಹಿಡಿಸಿತು. ಊಟ ಮುಗಿಯುವಷ್ಟರಲ್ಲಿ ಮೊಬೈಲಿನಲ್ಲಿ ಹುಡುಕಿ ತರಿಸಲು ಹೇಳಿಬಿಟ್ಟ.

"ನೀವೇ ಹಾಕೋಕೆ ಹೋಗ್ಬೇಡಿ ಭಾವ" ಎಂದಳು ಅವಳು ಹೊರಡುವಾಗ. "ಬ್ರೇಕ್ ಕೆಲಸ ಮಾಡೋ ಒಳ್ಳೆ ವರ್ಕ್‌ಶಾಪ್ ನನಗೆ ಗೊತ್ತು. ಪೈಪ್ ಬಂದ ಮೇಲೆ ಜೊತೇಲಿ ಹೋಗೋಣ."

"ದಿನಾ ಸಾಸಿವೆಕಾಳಿನಷ್ಟು ಸ್ಕ್ರೂ ಕೂರಿಸೋ ಕೈ ಇದು. ಎರಡು ನಟ್ ತಿರುಗಿಸೋಕೆ ಆಗಲ್ವಾ?"

"ಕನ್ನಡಕದ ಸ್ಕ್ರೂ ಕಳಚಿದ್ರೆ ಕನ್ನಡಕ ಬೀಳುತ್ತೆ ಭಾವ" ಎಂದಷ್ಟೇ ಹೇಳಿ ಅವಳು ಚಪ್ಪಲಿ ಮೆಟ್ಟಿದಳು.

ಪೈಪುಗಳು ಬಂದವು. ಬೆಳ್ಳಿಯ ಸರದಂತೆ ಮಿರಮಿರ ಮಿನುಗುತ್ತಿದ್ದವು. ಅವನಿಗೆ ಕೈ ಕಟ್ಟಿಕೊಂಡು ಕೂರಲು ಆಗಲಿಲ್ಲ. ಅಂಗಡಿಗೆ ರಜೆಯಿದ್ದ ದಿನ ಕಾರನ್ನು ಜಾಕ್ ಮೇಲೆತ್ತಿ, ವೀಡಿಯೊ ನೋಡುತ್ತ, ಹಳೆಯದನ್ನು ಬಿಚ್ಚಿ ಹೊಸದನ್ನು ಬಿಗಿದ. ಮಧ್ಯದಲ್ಲಿ ಪೈಪನ್ನು ಹಿಡಿದಿಡುವ ಒಂದು ಕ್ಲಿಪ್ ಎಷ್ಟು ಒತ್ತಿದರೂ ಕೂರಲಿಲ್ಲ. ಎರಡೂ ತುದಿ ಬಿಗಿಯಾಗಿದೆಯಲ್ಲ ಎಂದು ಅದನ್ನು ಡಬ್ಬಿಗೆ ಹಾಕಿದ. ಹೆಂಡತಿಯನ್ನು ಕೂರಿಸಿ ಬ್ರೇಕ್ ತುಳಿಸುತ್ತ ಎಣ್ಣೆಯೊಳಗಿನ ಗಾಳಿ ತೆಗೆದ. ಮನೆ ಮುಂದಿನ ನೇರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಬ್ರೇಕು ಕಲ್ಲಿನ ಹಾಗೆ ಗಟ್ಟಿ. ತಕ್ಷಣ ನಾದಿನಿಗೆ ಫೋನು.

"ಹಾಕಿಬಿಟ್ಟೆ ಕಣಮ್ಮ. ತುಳಿದ ಜಾಗದಲ್ಲೇ ನಿಲ್ಲುತ್ತೆ."

"ಆಯ್ತು ಭಾವ. ಆದ್ರೆ ಒಂದ್ಸಲ ಕೇಂದ್ರಕ್ಕೆ ತನ್ನಿ. ನಾನು ನೋಡೋ ತನಕ ದೂರ ಓಡಿಸ್ಬೇಡಿ."

"ತರ್ತೀನಿ, ತರ್ತೀನಿ."

ತರಲಿಲ್ಲ. ಅಂಗಡಿಯಲ್ಲಿ ಜನ, ಮನೆಯಲ್ಲಿ ಕೆಲಸ. ಬ್ರೇಕಂತೂ ಚೆನ್ನಾಗಿಯೇ ಇತ್ತು. ನಾದಿನಿ ಎರಡು ಸಲ ಕೇಳಿದಳು, ಆಮೇಲೆ ಅವಳೂ ಸುಮ್ಮನಾದಳು.

ಅತ್ತೆಯನ್ನು ಕಣ್ಣಿನ ತಪಾಸಣೆಗೆ ಆಸ್ಪತ್ರೆಗೆ ಕರೆದೊಯ್ದ ದಿನ. ಅಲ್ಲಿ ಪಾರ್ಕಿಂಗಿಗೆಂದೇ ಮಹಡಿ ಮೇಲೆ ಮಹಡಿ ಕಟ್ಟಿದ್ದರು. ಹತ್ತಲು, ಇಳಿಯಲು ಬಸವನಹುಳುವಿನ ಚಿಪ್ಪಿನಂತೆ ಸುತ್ತುವ ಇಳಿಜಾರು. ತುತ್ತತುದಿಯಲ್ಲಿ ಜಾಗ ಸಿಕ್ಕಿತ್ತು. ತಪಾಸಣೆ ಮುಗಿಸಿ ಇಳಿಯತೊಡಗಿದರು. ಔಷಧಿ ಬಿಟ್ಟ ಕಣ್ಣು ಚುಚ್ಚುತ್ತದೆಂದು ಅತ್ತೆ ಕರ್ಚೀಫು ಒತ್ತಿಕೊಂಡಿದ್ದರು. ಸ್ಟೀರಿಂಗ್ ಪೂರ್ತಿ ತಿರುಗಿಸು, ಬ್ರೇಕ್ ತುಳಿ, ಮತ್ತೆ ತಿರುಗಿಸು. ಕೊನೆಯ ಸುತ್ತಿಗೆ ಬಂದಾಗ ಪೆಡಲು ಅವನ ಪಾದದ ಕೆಳಗಿಂದ ಜಾರಿ ನೆಲ ಮುಟ್ಟಿತು.

ಮತ್ತೆ ತುಳಿದ. ಹಿಂದಿನ ಚಕ್ರಗಳು ಅಷ್ಟಿಷ್ಟು ಹಿಡಿದವು. ಇಳಿಜಾರಿಗೆ ಅದು ಸಾಲದು.

"ಅಳಿಯಂದ್ರೇ, ಸ್ವಲ್ಪ ನಿಧಾನ" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಅವನು ಖುಷಿಗೆ ಜೋರು ಓಡಿಸುತ್ತಿದ್ದಾನೆಂದು ಅವರು ತಿಳಿದಿದ್ದರು.

ಇಳಿಜಾರಿನ ಬುಡದಲ್ಲಿ ಬಲಗಡೆ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಬರುತ್ತಿದ್ದಳು. ಎಡಗಡೆ ಗೋಡೆ. ಎಡಗಡೆಯೇ ಅತ್ತೆ. ಯೋಚಿಸಲು ಹೊತ್ತಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಕಾರನ್ನು ಎಡಕ್ಕೆ ಒತ್ತಿದ. ಗೋಡೆಗೆ ಉಜ್ಜಿಕೊಂಡು ಹೋಗಿ, ಕಂಬಕ್ಕೆ ಬಡಿದು ಕಾರು ನಿಂತಿತು. ಮಗುವಿಗೂ ಆ ಹೆಂಗಸಿಗೂ ಏನೂ ಆಗಲಿಲ್ಲ. ಅತ್ತೆಯ ಕಡೆಯ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು. ಅವರು ಕೂಗಲಿಲ್ಲ. "ಕೈ ಎತ್ತೋಕಾಗ್ತಿಲ್ಲ" ಎಂದರು, ಮೆಲ್ಲಗೆ.

ಎಡಭುಜದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ಒಂದು ತುದಿಗೆ, ಅವನು ಇನ್ನೊಂದು ತುದಿಗೆ ಕೂತಿದ್ದರು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಡಾಕ್ಟರು ಹೊರಗೆ ಬಂದಾಗ "ಅಮ್ಮನ ಕೈ ಮೊದಲಿನ ಹಾಗೆ ಆಗುತ್ತಾ?" ಎಂದು ಕೇಳಿದಳು. ಪೂರ್ತಿ ಮೇಲೆತ್ತುವುದು ಕಷ್ಟ ಎಂದರು ಡಾಕ್ಟರು. ಅವಳು ತಲೆಯಾಡಿಸಿ ಮತ್ತೆ ಬೆಂಚಿನ ತುದಿಯಲ್ಲೇ ಕೂತಳು.

ಮರುದಿನ ನಾದಿನಿ ಅವನನ್ನು ಕಾರು ಎಳೆದು ತಂದಿದ್ದ ಜಾಗಕ್ಕೆ ಕರೆದೊಯ್ದಳು. ಮುಂದಿನ ಚಕ್ರ ತಿರುಗಿಸಿ ತೋರಿಸಿದಳು. ಹೊಳೆಯುತ್ತಿದ್ದ ಪೈಪು ಒಂದು ಕಡೆ ನಾರುನಾರಾಗಿ, ನಡುವೆ ತೂತಾಗಿತ್ತು.

"ಇದು ಸ್ಟೀಲ್ ಅಲ್ವಾ?" ಎಂದ ಅವನು.

"ಮೇಲಿನ ಹೆಣಿಗೆ ಮಾತ್ರ ಸ್ಟೀಲ್, ಭಾವ. ಅದೂ ಕೂದಲಿನಷ್ಟು ಸಣ್ಣ ಎಳೆ. ಒಳಗಿರೋದು ತೆಳ್ಳನೆ ಕೊಳವೆ. ಪೈಪನ್ನ ತಿರುಚಿ ಕೂರಿಸಿದ್ದೀರಿ, ಕ್ಲಿಪ್ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗೆಲ್ಲ ಅದು ಚಕ್ರಕ್ಕೆ ಉಜ್ಜಿದೆ."

"ಓಡಿಸಿ ನೋಡಿದ್ದೆನಲ್ಲ."

"ನೇರ ರಸ್ತೇಲಿ. ಅಲ್ಲಿ ಇದು ಗೊತ್ತಾಗಲ್ಲ." ಅವಳು ಟಾರ್ಚ್ ಆರಿಸಿದಳು. "ತಪ್ಪು ನಂದೂ ಇದೆ. ನಾನೇ ಬಂದು ನೋಡ್ಬೇಕಿತ್ತು. ಭಾವನಿಗೆ ಎಷ್ಟು ಸಲ ಹೇಳೋದು ಅಂತ ಸುಮ್ಮನಾದೆ."

ಅತ್ತೆ ಮನೆಗೆ ಬಂದರು. ಜಡೆ ಹಾಕಿಕೊಳ್ಳಲು ಕೈ ಏಳದೆ ದಿನಾ ಬೆಳಿಗ್ಗೆ ಮಗಳ ಮುಂದೆ ಬೆನ್ನು ಮಾಡಿ ಕೂರುವಂತಾಯಿತು. ಅದನ್ನು ನೋಡಲಾರದೆ ಅವನು ಬೇಗನೆ ಅಂಗಡಿಗೆ ಹೊರಟುಬಿಡುತ್ತಿದ್ದ. ಒಂದು ದಿನ ಅತ್ತೆಯೇ ತಡೆದರು.

"ಕೂತ್ಕೊಳ್ಳಿ ಅಳಿಯಂದ್ರೇ. ಎಷ್ಟು ದಿನ ಮುಖ ತಪ್ಪಿಸ್ತೀರಿ?"

"ಆ ಕಾರನ್ನ ಗುಜರಿಗೆ ಹಾಕ್ತೀನಿ ಅತ್ತೆ."

"ಕಾರೇನು ತಾನಾಗಿ ಪೈಪ್ ಹಾಕ್ಕೊಂಡಿತ್ತಾ?"

ಅವನು ಚಪ್ಪಲಿ ಕಳಚಿ ಅವರೆದುರು ಕೂತ.

"ಆ ಮಗೂನ ಉಳಿಸಿದ್ರಿ, ಅದಕ್ಕೆ ನನಗೆ ಸಮಾಧಾನ ಇದೆ" ಎಂದರು ಅತ್ತೆ. "ಆದ್ರೆ ಚಿಕ್ಕವಳು ಕಾರು ತನ್ನಿ, ತೋರಿಸಿ ಅಂದ್ಲಲ್ಲ, ಅದಕ್ಕೆ ಯಾಕೆ ಕಿವಿ ಕೊಡಲಿಲ್ಲ? ಅದಕ್ಕೆ ಮಾತ್ರ ನನಗೆ ಸಿಟ್ಟಿದೆ. ಇರುತ್ತೆ ಕೂಡ. ಗುಜರಿಗೆ ಹಾಕಿದ್ರೆ ಹೋಗಲ್ಲ. ಸರಿಯಾಗಿ ಮಾಡಿಸಿ."

ಹಾಗೆ ಮತ್ತೊಮ್ಮೆ ಕೆಲಸ ಶುರುವಾಯಿತು, ಈ ಸಲ ನಾದಿನಿ ಹೇಳಿದ ವರ್ಕ್‌ಶಾಪಿನಲ್ಲಿ. ಮೆಕ್ಯಾನಿಕ್ ಮೊದಲು ಹೊಸದಾಗಿ ತರಿಸಿದ ಪೈಪಿನ ಮೇಲಿನ ಗುರುತು ಓದಿದ. ಅದೇ ಮಾದರಿಯ ಕಾರಿಗೆಂದು ಮಾಡಿದ್ದು, ಒತ್ತಡದ ಪರೀಕ್ಷೆಯಾದದ್ದು ಎಂದು ಖಾತ್ರಿ ಮಾಡಿಕೊಂಡ. ಕಾರನ್ನು ಬರೀ ಜಾಕ್ ಮೇಲೆ ಬಿಡದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ. ಹಳೆಯ ತಾಮ್ರದ ವಾಷರುಗಳನ್ನು ಬುಟ್ಟಿಗೆಸೆದು ಹೊಸದು ಹಾಕಿದ. ಪೈಪು ತಿರುಚಿಕೊಳ್ಳದಂತೆ ಹಿಡಿದು ಬಿಗಿದ. ಕನ್ನಡಕದವನು ಡಬ್ಬಿಗೆ ಹಾಕಿದ್ದಂಥ ಕ್ಲಿಪ್ಪಿನ ಸರದಿ ಬಂತು. ಮೆಕ್ಯಾನಿಕ್ಕಿಗೂ ಮೊದಲ ಸಲಕ್ಕೆ ಅದು ಕೂರಲಿಲ್ಲ. ಬಿಚ್ಚಿ, ಪೈಪಿನ ದಿಕ್ಕು ಸರಿಮಾಡಿ, ಮತ್ತೆ ಕೂರಿಸಿದ. ಹೊಸ ಡಬ್ಬಿ ಒಡೆದು ಬ್ರೇಕ್ ಆಯಿಲ್ ತುಂಬಿ, ಗುಳ್ಳೆ ಬರುವುದು ನಿಲ್ಲುವ ತನಕ ಪ್ರತಿ ಚಕ್ರದಿಂದಲೂ ಗಾಳಿ ತೆಗೆದ.

"ಈಗ ಇಳಿಸಿ" ಎಂದಳು ನಾದಿನಿ. "ಚಕ್ರ ನೇತಾಡ್ತಾ ಇರುವಾಗ ಪೈಪ್ ಒಂಥರಾ ಇರುತ್ತೆ, ಭಾರ ಬಿದ್ದಾಗ ಇನ್ನೊಂಥರಾ."

ಕಾರು ನೆಲಕ್ಕಿಳಿಯಿತು. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದರು. ಪೈಪು ಎಲ್ಲೂ ತಾಗಲಿಲ್ಲ, ಎಳೆದುಕೊಳ್ಳಲೂ ಇಲ್ಲ. ಎಂಜಿನ್ ಶುರುಮಾಡಿ ಬ್ರೇಕನ್ನು ಬಲವಾಗಿ ತುಳಿದು ಹಿಡಿದಾಗ, ಒಂದೊಂದು ಕೀಲನ್ನೂ ಟಾರ್ಚ್ ಹಾಕಿ ನೋಡಿದರು. ತೇವವಿಲ್ಲ. ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ, ಆಮೇಲೆ ಸ್ವಲ್ಪ ಜೋರಾಗಿ ಓಡಿಸಿ, ನಿಲ್ಲಿಸಿದರು. "ಕೆಲವು ದಿನ ಬಿಟ್ಟು ಮತ್ತೆ ತನ್ನಿ, ಇನ್ನೊಂದ್ಸಲ ನೋಡ್ಬೇಕು" ಎಂದ ಮೆಕ್ಯಾನಿಕ್. ಈ ಸಲ ಕನ್ನಡಕದವನು ತಡಮಾಡದೆ ಹೇಳಿದ ಹಾಗೆಯೇ ತೆಗೆದುಕೊಂಡು ಹೋದ.

ಅತ್ತೆಯನ್ನು ಮತ್ತೆ ಆ ಕಾರಿಗೆ ಕರೆಯುವ ಧೈರ್ಯ ಅವನಿಗಿರಲಿಲ್ಲ. ಒಂದು ಮಧ್ಯಾಹ್ನ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಹೋಗಬೇಕೆಂದು ಅವನು ಆಟೋ ಕರೆಯುತ್ತಿದ್ದಾಗ, ಅವರೇ ಕಾರಿಗೆ ಹಾಕಿಸಿದ ಹೊಸ ಬಾಗಿಲಿನ ಮುಂದೆ ಬಂದು ನಿಂತರು.

"ಇದರಲ್ಲೇ ಹೋಗೋಣ" ಎಂದರು. "ಆ ಪಾರ್ಕಿಂಗ್ ಕಟ್ಟಡಕ್ಕೆ ಮಾತ್ರ ಬೇಡ. ರಸ್ತೇಲೇ ಇಳಿಸಿ."

ಅವನು ಅವರ ಬೆಲ್ಟನ್ನು ತಾನೇ ಹಾಕಿದ. ದಾರಿಯುದ್ದಕ್ಕೂ ಅತ್ತೆಯ ಬಲಗೈ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಗಾಡಿ ಯಾವುದೇ ಇರಲಿ, ಬ್ರೇಕು ಮೆತ್ತಗಾಗಿದ್ದರೆ ನಾಳೆಗೆ ತಳ್ಳಬೇಡಿ. ಪೈಪು ಬಿರುಕು ಬಿಟ್ಟಿದೆಯೇ, ಒದ್ದೆಯಾಗಿದೆಯೇ, ಎಲ್ಲಾದರೂ ಉಜ್ಜುತ್ತಿದೆಯೇ ಎಂದು ಬಲ್ಲವರಿಂದ ನೋಡಿಸಿ. ಸ್ಟೀಲ್ ಪೈಪು ಹಾಕಿಸುವುದಾದರೆ ಧಾರಾಳವಾಗಿ ಹಾಕಿಸಿ, ಆದರೆ ನಿಮ್ಮ ಗಾಡಿಗೆಂದೇ ಮಾಡಿದ್ದನ್ನು, ಬ್ರೇಕಿನ ಕೆಲಸ ಕಲಿತವರ ಕೈಯಿಂದ. ಒಂದು ಕ್ಲಿಪ್ ಕೂರದಿದ್ದರೂ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ. ತಪಾಸಣೆ ಆಗುವ ತನಕ ಗಾಡಿ ರಸ್ತೆಗಿಳಿಯುವುದು ಬೇಡ. ಬ್ರೇಕು ತುಳಿಯುವವರು ನೀವೊಬ್ಬರೇ. ಅದನ್ನು ನಂಬಿ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತವರಿದ್ದಾರೆ, ಮಗುವನ್ನೆತ್ತಿಕೊಂಡು ಎದುರಿಗೆ ಬರುವವರಿದ್ದಾರೆ.