ಕರ್ಟಿಸನ ಹೆಸರಿನ ಒಂಬತ್ತು ಮೈಲಿ

ವರ್ಲಿನ್ ಸೈಜ್‌ಮೋರ್ ಮೂರನೆಯ ಸಲ ಅದೇ ಕಾಗದ ಹಿಡಿದುಕೊಂಡು ಬಂದಾಗ ಒಲೀಟಾ ಕೋಂಬ್ಸ್ ವರಾಂಡದಲ್ಲಿ ಕೂತು ಬೀನ್ಸ್‌ನ ನಾರು ತೆಗೆಯುತ್ತಿದ್ದಳು. ಅಮೆರಿಕದ ಕೆಂಟಕಿಯ ಆ ಕಣಿವೆಯಲ್ಲಿ ಸತ್ತವರ ಹೆಸರನ್ನು ರಸ್ತೆಗೆ ಇಡುವುದೆಂದರೆ ದೊಡ್ಡ ಮರ್ಯಾದೆ. ಶಾಸನಸಭೆಯಲ್ಲಿ ಬೇರೆ ಯಾವುದಕ್ಕೆ ಕಚ್ಚಾಡಿದರೂ ಇದಕ್ಕೆ ಮಾತ್ರ ಎಲ್ಲರೂ ಕೈಯೆತ್ತುತ್ತಾರೆ. ಈಗ ಅವಳ ಮಗ ಕರ್ಟಿಸನ ಸರದಿ, ಒಂಬತ್ತು ಮೈಲಿ ರಸ್ತೆಗೆ ಅವನ ಹೆಸರು. ರಸ್ತೆ ರಿಪೇರಿಯ ಜಾಗದಲ್ಲಿ ವಾಹನ ನಿಲ್ಲಿಸುವ ಹಲಗೆ ಹಿಡಿದು ನಿಂತಿದ್ದವನ ಮೇಲೆ ಲಾರಿ ಹರಿದು ಎರಡು ವರ್ಷವಾಗಿತ್ತು. ವರ್ಲಿನ್ ಅವನ ಮೇಸ್ತ್ರಿ. ಆ ಕಾಗದದ ಮೇಲೆ ತಾಯಿಯ ಸಹಿಯೊಂದು ಬಾಕಿ.

“ಚಿಕ್ಕಮ್ಮಂಗೆ ಏನು ಬಂತು ಅಂತ ಊರೋರೆಲ್ಲ ಕೇಳ್ತಿದಾರೆ,” ಎಂದ ವರ್ಲಿನ್. ಅವಳು ಊರಿಗೆಲ್ಲ ಚಿಕ್ಕಮ್ಮ.

“ಊರೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಕೂತ್ಕೋ. ಒಂದು ಹಿಡಿ ಬೀನ್ಸ್ ತಗೋ, ಕೈಗೂ ಕೆಲಸ ಇರ್ಲಿ.”

ಅವನು ಕೂತ.

ಒಲೀಟಾ ಹೇಳಿದಳು: “ಮಲಿನ್ಸ್ ಮನೆ ಹುಡುಗ ಯುದ್ಧದಲ್ಲಿ ಹೋದ. ಸೇತುವೆಗೆ ಅವನ ಹೆಸರಿಟ್ರು. ಈಗ ಬೆಳಗ್ಗೆದ್ರೆ ರೇಡಿಯೋದಲ್ಲಿ ಏನು ಬರುತ್ತೆ? ಮಲಿನ್ಸ್ ಸ್ಮಾರಕ ಸೇತುವೆ ಮೇಲೆ ಅಪಘಾತ, ಇಬ್ಬರ ಸಾವು. ಅವರಮ್ಮ ರೇಡಿಯೋನೇ ಎತ್ತಿ ಅಟ್ಟಕ್ಕೆ ಹಾಕಿದಾಳೆ. ನನ್ ಮಗ ಒಂದ್ಸಲ ಸತ್ತಿದ್ದು ಸಾಕು ಕಣೋ.”

ಹೆಸರಿಡುವವರಿಗೆ ಇದು ಹೊಳೆಯುವುದಿಲ್ಲ. ಅವರು ಚಪ್ಪಾಳೆ ತಟ್ಟಿ, ಕೈ ತೊಳೆದುಕೊಂಡು ರಾಜಧಾನಿಗೆ ಹೋಗುವ ಜನ.

ವರ್ಲಿನ್ ತಲೆ ತಗ್ಗಿಸಿ ನಾರು ತೆಗೆಯುತ್ತಲೇ ಇದ್ದ. ನಾಲ್ಕು ಕಾಯಿಗೆ ಮೂರನ್ನು ಕೆಡಿಸುತ್ತಿದ್ದ.

“ನಿಜ ಹೇಳು. ಈ ಹೆಸರಿನ ಫಲಕ ಯಾರಿಗೆ ಬೇಕು? ಕರ್ಟಿಸ್‌ಗಾ?”

“ನಂಗೆ,” ಎಂದ. “ಅವತ್ತು ಆ ತಿರುವಲ್ಲಿ ಅವನನ್ನ ನಿಲ್ಲಿಸಿದ್ದು ನಾನು. ದಿನಾ ಅಲ್ಲೇ ಹಾದು ಹೋಗ್ತೀನಿ. ಅಲ್ಲಿ ಬರೀ ಡಾಂಬರು, ಚಿಕ್ಕಮ್ಮ. ಏನೂ ಆಗೇ ಇಲ್ಲ ಅನ್ನೋ ಹಾಗೆ.”

ಒಲೀಟಾಳಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಈ ದುಃಖ ತನ್ನೊಬ್ಬಳ ಆಸ್ತಿಯೆಂದು ಎರಡು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದಳು. ಇವನು ಹೊರಗೇ ನಿಂತಿದ್ದ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

“ಒಂದು ಮಾತು. ಆ ರಸ್ತೇಲಿ ಏನೇ ಆದ್ರೂ ರೇಡಿಯೋಗಿಂತ ಮುಂಚೆ ನಿನ್ನ ಫೋನ್ ಬರ್ಬೇಕು.”

“ಬರುತ್ತೆ.”

ಅಕ್ಟೋಬರ್‌ನಲ್ಲಿ ಫಲಕ ನಿಂತಿತು. ಕರ್ಟಿಸನ ಜೊತೆ ದುಡಿದವರೇ ಗುಂಡಿ ತೋಡಿ ಕಂಬ ನೆಟ್ಟರು, ಟೋಪಿ ತೆಗೆದು ನಿಂತರು. ಚಳಿಗಾಲ ಬಂತು. ಫೆಬ್ರವರಿಯ ಒಂದು ಬೆಳಿಗ್ಗೆ, ರಸ್ತೆಯೆಲ್ಲ ಹಿಮಗಟ್ಟಿದ್ದಾಗ, ಫೋನ್ ಬಡಿದುಕೊಂಡಿತು.

“ಚಿಕ್ಕಮ್ಮ, ಲಾರಿ ಮಗುಚಿತ್ತು.” ವರ್ಲಿನ್ ಏದುಸಿರು ಬಿಡುತ್ತಿದ್ದ. “ಕರ್ಟಿಸ್ ರಸ್ತೇಲಿ. ಬದುಕಿದಾನೆ. ನಾವೇ ಹೊರಗೆ ಎಳೆದ್ವಿ, ಬದುಕಿದಾನೆ.”

ಲಾರಿಯಲ್ಲಿದ್ದವನು ಯಾರೋ ಬೇರೆ ತಾಯಿಯ ಮಗ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕುರ್ಚಿ ಎಳೆದುಕೊಂಡು ಕೂತಳು.

“ಇನ್ನೊಂದ್ಸಲ ಹೇಳು,” ಎಂದಳು.