ಎಸ್ತೆರ್ ಬರೆದ ಮುಖಗಳು

ಎಸ್ತೆರ್ ಆಫ್ರಿಕದವಳು, ಹುಟ್ಟಿ ಬೆಳೆದದ್ದು ದಾರೆಸ್ಸಲಾಮಿನಲ್ಲಿ. ಅಲ್ಲಿನ ಬಂದರು, ಮೀನು ಮಾರುವ ಹೆಂಗಸರು, ಇವನ್ನೆಲ್ಲ ಎಣ್ಣೆಬಣ್ಣದಲ್ಲಿ ಬರೆದು ಹೆಸರು ಮಾಡಿದ್ದಳು. ಒಮ್ಮೆ ಪ್ರದರ್ಶನವೂ ನಡೆದಿತ್ತು. ಹಡಗು ಕಂಪೆನಿಯ ಗುಮಾಸ್ತನಾಗಿ ಅಲ್ಲಿಗೆ ಹೋಗಿದ್ದ ಮಂಗಳೂರು ಜೆಪ್ಪುವಿನ ಅಲ್ಫೋನ್ಸನನ್ನು ಮದುವೆಯಾದಳು. ಅವನಿಗೆ ಎದೆಯ ಕಾಯಿಲೆ ಹಿಡಿದು ದುಡಿಯಲಾಗದಾದಾಗ, ೧೯೫೮ರಲ್ಲಿ, ಇಬ್ಬರೂ ಮಂಗಳೂರಿಗೆ ಬಂದರು.

ಇಲ್ಲಿ ಅವಳ ಚಿತ್ರ ಕೊಳ್ಳುವವರಿರಲಿಲ್ಲ. ಮನೆಗೆ ಬಂದ ನೆಂಟರು ಚಿತ್ರ ಬಿಟ್ಟು ಅವಳ ಕೂದಲು ನೋಡಿ ಹೋದರು. ಮನೆ ನಡೆಯಬೇಕಲ್ಲ. ಉರ್ವದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮೋಹನದಾಸ ಕೆಲಸ ಕೊಟ್ಟ: ಸತ್ತವರ ಸಣ್ಣ ಫೋಟೋ ನೋಡಿ ಗೋಡೆಗೆ ಹಾಕುವಂಥ ದೊಡ್ಡ ಬಣ್ಣದ ಪಟ ಬರೆಯುವುದು.

ಮೊದಲನೆಯದು ಕದ್ರಿಯ ಜಯಪಾಲ ಎಂಬವರ ತಾಯಿಯ ಪಟ. ಎಸ್ತೆರ್ ಆ ಮುದುಕಿಯನ್ನು ಕಪ್ಪಗೆ, ಸುಕ್ಕುಗಳ ಸಮೇತ, ಈಗಷ್ಟೇ ಗದ್ದೆಯಿಂದ ಬಂದು ಕೂತವಳ ಹಾಗೆ ಬರೆದಳು. ಜಯಪಾಲ ತುಂಬ ಹೊತ್ತು ನೋಡಿದರು.

"ಅಮ್ಮನೇ, ಸಂಶಯ ಇಲ್ಲ," ಎಂದರು ಮೆಲ್ಲಗೆ. "ಆದರೆ ಚಾವಡಿಯಲ್ಲಿ ಹಾಕುವುದು ನೋಡಿ. ಬಂದವರು ಎಂತ ಹೇಳ್ತಾರೆ? ಸ್ವಲ್ಪ ಬೆಳ್ಳಗೆ ಮಾಡಿ ಕೊಡ್ತೀರಾ?"

"ಮಾಡಿ ಕೊಡಿ ಬಾಯಮ್ಮ," ಎಂದ ಮೋಹನದಾಸ. "ಎಲ್ಲರೂ ಕೇಳುವುದು ಹಾಗೆಯೇ."

ಅವಳು ಬಿಳಿ ಬೆರೆಸಿದಳು. ಬರಬರುತ್ತ ಯಾರೂ ಕೇಳುವ ಮೊದಲೇ ಬೆರೆಸತೊಡಗಿದಳು. ಸುಕ್ಕು ಅಳಿಸಿದಳು, ಮೂಗು ನೀಳ ಮಾಡಿದಳು. ಕೆಲಸಕ್ಕೆ ಬಿಡುವೇ ಇಲ್ಲದಾಯಿತು.

"ನಿನಗೆ ಬೇಕಾದ ಹಾಗೆಯೂ ಒಂದು ಚಿತ್ರ ಮಾಡು ಎಸ್ತೆರ್," ಎನ್ನುತ್ತಿದ್ದ ಅಲ್ಫೋನ್ಸ್, ಮಲಗಿದಲ್ಲಿಂದಲೇ.

"ಮಳೆಗಾಲ ಕಳೆಯಲಿ," ಎನ್ನುತ್ತಿದ್ದಳು. ಎಷ್ಟೋ ಮಳೆಗಾಲ ಕಳೆದವು. ಅಲ್ಫೋನ್ಸನೂ ತೀರಿಕೊಂಡ.

೧೯೬೬ರಲ್ಲಿ ದಾರೆಸ್ಸಲಾಮಿನಿಂದ ಅವಳ ತಾಯಿ ಸತ್ತ ಸುದ್ದಿ ಬಂತು. ಆಕೆ ಎಂದೂ ಫೋಟೋ ತೆಗೆಸಿಕೊಂಡವಳಲ್ಲ. ಎಸ್ತೆರ್ ನೆನಪಿನಿಂದಲೇ ಬರೆಯಲು ಕೂತಳು. ಚಿತ್ರ ಮುಗಿಯುತ್ತ ಬಂದಾಗ ಅಲ್ಫೋನ್ಸನ ತಾಯಿ, ಅತ್ತೆ ಮಟಿಲ್ಡಾ, ಗಂಜಿ ತಂದು ಪಕ್ಕದಲ್ಲಿಟ್ಟರು.

"ಚಂದ ಉಂಟು. ಯಾರು, ಕದ್ರಿಯವರಾ?"

"ನನ್ನ ಅಮ್ಮ," ಎಂದಳು ಎಸ್ತೆರ್.

ಮಟಿಲ್ಡಾ ಅಲ್ಲೇ ಕೂತರು. ಎಸ್ತೆರ್ ಮುಖವನ್ನು ಕೆರೆದು ತೆಗೆದು ಮತ್ತೆ ಬರೆದಳು. ಮತ್ತೆ ಸ್ಟುಡಿಯೋದ ಅದೇ ನುಣುಪು ಮುಖವೇ ಬಂತು. ಕಪ್ಪು ಬಳಿದಳು, ಆ ಮುಖವೇ ಕಪ್ಪಾಯಿತು, ಅಷ್ಟೆ.

"ಅಮ್ಮನ ಮುಖ ನನಗೆ ಗೊತ್ತುಂಟು ಮಾಂಯ್," ಎಂದಳು ಅತ್ತೆಗೆ. "ಕೈಗೆ ಗೊತ್ತಾಗುವುದಿಲ್ಲ."

ಮುದುಕಿ ಅವಳ ಬಣ್ಣ ಮೆತ್ತಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡರು. ಗಂಜಿ ತಣಿಯಿತು.

ಮರುದಿನ ಎಸ್ತೆರ್ ಬಸ್ಸು ಹಿಡಿದು ಉರ್ವಕ್ಕೆ ಹೋದಳು. ಮೋಹನದಾಸ ತಾಯಿಯ ವಿಷಯ ಕೇಳಿ ನೊಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಹೊಸ ಫೋಟೋವೊಂದನ್ನು ಮೇಜಿನ ಮೇಲಿಟ್ಟ. ಅವಳು ಕನ್ನಡಕ ಹಾಕಿಕೊಂಡಳು.