ಮಂಡಿಗೆ ಮೂರು ಅಂಕ

ನಲವತ್ತು ವರ್ಷ ಯಾಶ್ ನಗರದ ವೈದ್ಯಕೀಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಎಣಿಸಲಾಗದ್ದೆಲ್ಲ ಕಾಡುಹರಟೆ ಎಂಬುದು ನನ್ನ ಮತ. ಮಂಡಿ ಶಸ್ತ್ರಚಿಕಿತ್ಸೆಯಾದ ಮುನ್ನೂರು ಮಂದಿಗೆ ನಾವು ಒಂದು ಪ್ರಶ್ನೆ ಕಳಿಸಿದ್ದೆವು: ನಿಮ್ಮ ನೋವಿಗೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ. ಹತ್ತೆಂದರೆ ತಾಳಲಾರದ ನೋವು ಎಂಬುದು ನಮ್ಮ ಲೆಕ್ಕ.

ನನ್ನ ಕೈಕೆಳಗೆ ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದ ನರ್ಸ್ ಸ್ಮರಾಂಡಾಗೆ ಅಷ್ಟು ಸಾಲಲಿಲ್ಲ. ಹನ್ನೆರಡು ಮಂದಿಯ ಮನೆಗೆ ಹೋಗಿ ಕೂತು ಮಾತಾಡಿಸುತ್ತೇನೆ ಎಂದಳು. ಅದು ಸಂಶೋಧನೆಯಲ್ಲ, ಬಾವಿಕಟ್ಟೆ ಪುರಾಣ ಎಂದು ರೇಗಿದೆ. ನೋವು ತಿನ್ನುವವರನ್ನು ಬಿಟ್ಟು ನೋವಿನ ಸತ್ಯ ತಿಳಿಯುವುದು ಹೇಗೆ ಎಂದು ತಿರುಗಿ ಕೇಳಿದಳು. ಹಟಮಾರಿ, ಹೋಗಿಯೇ ಬಿಟ್ಟಳು.

ಜೂನ್‌ನಲ್ಲಿ ಮೌಖಿಕ ಪರೀಕ್ಷೆ; ಹತ್ತಕ್ಕೆ ಅಂಕ ಹಾಕುವ ಮಂಡಳಿಯಲ್ಲಿ ನಾನೂ ಒಬ್ಬ. ಹನ್ನೆರಡು ಜನರ ಮಾತು ಮುನ್ನೂರು ಜನರ ಲೆಕ್ಕವನ್ನು ಅಲ್ಲಗಳೆಯುವುದು ಯಾವ ನ್ಯಾಯ ಎಂದು ಮಂಡಳಿಯ ಅಧ್ಯಕ್ಷೆ ಕೊರ್ನೆಲಿಯಾ ಕೇಳಿದರು. ಉತ್ತರ ಒಪ್ಪಿಗೆಯಾಗದಿದ್ದರೆ ಅವಳ ಎರಡು ವರ್ಷದ ದುಡಿಮೆ ನೀರುಪಾಲು.

ಸ್ಮರಾಂಡಾ ಅಗ್ಲಾಯಾ ಎಂಬ ಅಜ್ಜಿಯ ವಿಷಯ ತೆಗೆದಳು. ಅಜ್ಜಿ ಬರೆದದ್ದು ಮೂರು. ಅಲ್ಪ ನೋವು ಎಂದು ವೈದ್ಯರು ನೋವಿನ ಗುಳಿಗೆ ನಿಲ್ಲಿಸಿದ್ದರು. ಮನೆಗೆ ಹೋಗಿ ನೋಡಿದರೆ ಅಜ್ಜಿ ಮೆಟ್ಟಿಲುಗಳನ್ನು ಕೂತುಕೊಂಡೇ ಇಳಿಯುತ್ತಿದ್ದರು.

"ಮೂರು ಅಂತ ಯಾಕೆ ಬರೆದ್ರಿ ಅಂದೆ," ಎಂದಳು ಸ್ಮರಾಂಡಾ. "'ಅಂಕ ಕೊಡಿ ಅಂದ್ರಲ್ಲ ಮಗಳೇ, ಕೊಟ್ಟೆ. ಐದು ಬಂದ್ರೆ ಪಾಸು. ಈ ದರಿದ್ರ ಕಾಲಿಗೆ ಮೂರೇ ಜಾಸ್ತಿ' ಅಂದ್ರು."

ಹನ್ನೆರಡರಲ್ಲಿ ಏಳು ಮಂದಿ ಹೀಗೆಯೇ ಶಾಲೆಯ ಮೇಷ್ಟ್ರಂತೆ ಮಂಡಿಗೆ ಅಂಕ ಹಾಕಿದ್ದರು; ನಮ್ಮ ಶಾಲೆಗಳಲ್ಲಿ ಹತ್ತೆಂದರೆ ಅತ್ಯುತ್ತಮ. ಹತ್ತು ಬರೆದಿದ್ದ ಮುದುಕನೊಬ್ಬ ಮೊಮ್ಮಗಳ ಮದುವೆಯಲ್ಲಿ ಕುಣಿದು ಬಂದಿದ್ದ.

ಆ ಪ್ರಶ್ನೆ ಬರೆದವರು ಯಾರು ಎಂದು ಕೊರ್ನೆಲಿಯಾ ಕೇಳಿದರು. ತನ್ನ ಪ್ರಬಂಧ ಹಾಳಾದರೂ ಸರಿ, ಸ್ಮರಾಂಡಾ ನನ್ನ ಹೆಸರೆತ್ತುವವಳಲ್ಲ. ನಾನು ಎದ್ದು ನಿಂತೆ.

"ನಾನೇ ಬರೆದದ್ದು. ಮುನ್ನೂರು ಉತ್ತರ ಎಣಿಸಿದೆ, ಒಬ್ಬರನ್ನೂ ಹಾಗಂದ್ರೇನು ಅಂತ ಕೇಳಲಿಲ್ಲ. ಇವಳು ಕೇಳಿದ್ಳು."

ನಾಚಿಕೆಯಾಗಬೇಕಿತ್ತು. ಆದರೆ ನನ್ನ ಎದೆ ಉಬ್ಬಿತ್ತು. ಇಂಥವಳಿಗೆ ಪಾಠ ಹೇಳಿದವನು ನಾನಲ್ಲವೇ?

ಅಂಕ ಹಾಕುವ ಹೊತ್ತು ಬಂತು. ನನ್ನ ಸರದಿಯಲ್ಲಿ ಹತ್ತು ಎಂದೆ.

"ಯಾವ ಹತ್ತು, ಪ್ರೊಫೆಸರ್?" ಕೊರ್ನೆಲಿಯಾ ನಗು ತಡೆದುಕೊಂಡು ಕೇಳಿದರು. "ನಿಮ್ಮದೋ, ಅಜ್ಜಿದೋ?"

"ಅಜ್ಜಿದು," ಎಂದೆ.